ಸಾಹೇಬರ ಎದುರಾಳಿ

ಕೂಟಗಲ್ಲಿನ ದಾಸಪ್ಪನವರ ಮಗ ಲೋಕೇಶನಿಗೆ ಬಿಡದಿಯ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದ್ದು ಓದಿನಿಂದಲ್ಲ, ಬ್ಯಾಡ್ಮಿಂಟನ್ ರಾಕೆಟ್ಟಿನಿಂದ. ಎರಡು ಸಾವಿರದ ಒಂದರಲ್ಲಿ ಕಾರಿನ ಬಿಡಿಭಾಗ ಮಾಡುವ ಆ ಕಂಪನಿ ತನ್ನದೇ ತಂಡ ಕಟ್ಟಲು ಹೊರಟು, ಇವನನ್ನು ಕರೆದು ಸ್ಟೋರ್ಸಿನಲ್ಲಿ ಹೆಸರಿಗೊಂದು ಕುರ್ಚಿ ಕೊಟ್ಟಿತು. ಆಡುವುದಕ್ಕೇ ಸಂಬಳ. "ಆಟ ಆಡಕ್ಕೂ ದುಡ್ಡು ಕೊಡ್ತಾರೇನ್ಲಾ?" ಎಂದು ದಾಸಪ್ಪ ವಾರಕ್ಕೊಮ್ಮೆ ಕೇಳುತ್ತಿದ್ದರು. ಅವರಿಗೆ ಅದು ಕೊನೆಗೂ ತಲೆಗೆ ಹತ್ತಲಿಲ್ಲ.

ಎರಡೇ ವರ್ಷಕ್ಕೆ ತಂಡ ಮುಚ್ಚಿತು. ಲೋಕೇಶ ಮಾತ್ರ ಉಳಿದ. ಕಾರ್ಖಾನೆಯ ದೊಡ್ಡ ಸಾಹೇಬರಿಗೆ ದಿನಾ ಸಂಜೆ ಎದುರಿಗೆ ಆಡಲು ಒಬ್ಬ ಬೇಕಾಗಿದ್ದ. ಮೊದಲ ದಿನ ಲೋಕೇಶ ಅವರನ್ನು ಅಂಕಣದ ತುಂಬ ಓಡಾಡಿಸಿ ಸೋಲಿಸಿದ. ಮರುದಿನ ಆಫೀಸಿನವನೊಬ್ಬ ಬಂದು ಹೆಗಲ ಮೇಲೆ ಕೈ ಹಾಕಿದ.

"ಒಸಿ ನೋಡ್ಕೊಂಡು ಆಡಪ್ಪ. ಸಾಹೇಬ್ರು ಇವತ್ತು ಯಾರತ್ರಾನೂ ಮಾತಾಡ್ತಿಲ್ಲ."

ಅಲ್ಲಿಂದ ಶುರುವಾಯಿತು. ಸೋಲುವುದೇನು ಸುಲಭದ ಕೆಲಸವೇ? ಸುಮ್ಮನೆ ಕೈಚೆಲ್ಲಿದರೆ ಸಾಹೇಬರಿಗೆ ಗೊತ್ತಾಗುತ್ತದೆ. ಬೆವರಿಳಿಸಬೇಕು, ಒಂದು ಗೇಮ್ ಗೆದ್ದು ರೇಗಿಸಬೇಕು, ಕೊನೆಗೆ ಶಟಲ್ಲನ್ನು ಹಿಂದಿನ ಗೆರೆಯಿಂದ ಗೇಣುದ್ದ ಆಚೆ ಬೀಳಿಸಿ "ಅಯ್ಯೋ" ಅನ್ನಬೇಕು. ಲೋಕೇಶ ಇದರಲ್ಲಿ ಪಳಗಿದ. ಮನೆಗೆ ಬರುವಾಗ, ಬೇಕಾಗಿದ್ದರೆ ಗೆಲ್ಲುತ್ತಿದ್ದೆ ಎಂದುಕೊಳ್ಳುತ್ತಿದ್ದ. ಬರಬರುತ್ತಾ ಕೆಲವು ದಿನ ಅವನಿಗೇ ಅನುಮಾನ ಬರತೊಡಗಿತು. ಇವತ್ತಿನದು ಬಿಟ್ಟುಕೊಟ್ಟದ್ದೋ, ನಿಜವಾಗಿ ಸೋತದ್ದೋ? ಹೆಂಡತಿ ಶ್ವೇತಳನ್ನು ಕೇಳಿದರೆ ಅವಳು, "ಸಂಬ್ಳ ಬತ್ತಾ ಐತಲ್ಲ, ಬುಡಿ" ಅಂದಳು.

ರಾಮನಗರ ಜಿಲ್ಲೆಯಾದ ವರ್ಷ ಅಲ್ಲಿ ಮೊದಲ ಜಿಲ್ಲಾ ಪಂದ್ಯಾವಳಿ ಇಟ್ಟರು. ಗೆದ್ದವನಿಗೆ ರಾಜ್ಯಮಟ್ಟದ ಆಯ್ಕೆ. ಲೋಕೇಶನಿಗಾಗಲೇ ಇಪ್ಪತ್ತೊಂಬತ್ತು. ಆಯ್ಕೆಗಿಂತ ಹೆಚ್ಚಾಗಿ, ತನಗಿನ್ನೂ ಗೆಲ್ಲಲು ಬರುತ್ತದೆಯೇ ಎಂಬುದು ಅವನಿಗೆ ಗೊತ್ತಾಗಬೇಕಿತ್ತು. ಫೈನಲಿನಲ್ಲಿ ಎದುರು ಬಂದವನು ಹಳೆಯ ಗೆಳೆಯ ಮೆಹಬೂಬ್, ಸಾಹೇಬರಿಗೆ ಬಿಟ್ಟುಕೊಡುವ ಗುಟ್ಟು ತಿಳಿದಿದ್ದವನು. ರೇಷ್ಮೆ ನೂಲು ತೆಗೆಯುವ ಮನೆಯವನು, ಹಗಲೆಲ್ಲ ಗೂಡು ಬೇಯುವ ಬಿಸಿನೀರಲ್ಲಿ ಕೈಯಾಡಿಸಿ ಸಂಜೆ ಆಡುವವನು. ಹಿಂದೆ ಒಂದು ಸಲವೂ ಲೋಕೇಶನನ್ನು ಸೋಲಿಸಿರಲಿಲ್ಲ.

ಮೂರನೇ ಗೇಮ್, ಇಪ್ಪತ್ತು-ಹದಿನೇಳು. ಲೋಕೇಶನಿಗೆ ಒಂದೇ ಪಾಯಿಂಟ್ ಸಾಕು. ಮೆಹಬೂಬ್ ಎತ್ತಿದ ಶಟಲ್ ನೇರ ತಲೆಯ ಮೇಲೆ ಬಂತು. ಲೋಕೇಶ ಕೈ ಬೀಸಿದ. ಶಟಲ್ ಹಿಂದಿನ ಗೆರೆಯಿಂದ ಗೇಣುದ್ದ ಆಚೆ ಬಿತ್ತು. ಅವನು ತನ್ನ ಕೈಯನ್ನೇ ನೋಡಿಕೊಂಡ. ಆಮೇಲೆ ಅವನಿಗೆ ಒಂದೂ ಪಾಯಿಂಟ್ ಬರಲಿಲ್ಲ; ಪಂದ್ಯ ಮೆಹಬೂಬನದಾಯಿತು.

ಮೆಹಬೂಬ್ ಕೈ ಕುಲುಕಲಿಲ್ಲ. ಬಹುಮಾನದ ಕಪ್ಪು ಇಸಕೊಂಡವನು ಅದನ್ನು ಬೆಂಚಿನ ಮೇಲೆ ಕುಕ್ಕಿದ.

"ಏನ್ಲಾ, ನಂಗೂ ಬುಟ್ಕೊಟ್ಯಾ? ನಿನ್ ಫ್ಯಾಕ್ಟ್ರಿ ಸಾಯೇಬ ಅನ್ಕೊಂಡ್ಯಾ ನನ್ನ?"

"ಗೊತ್ತಿಲ್ಲ ಕಣ್ಲಾ," ಅಂದ ಲೋಕೇಶ. ಅದು ನಿಜವೇ ಆಗಿತ್ತು.

"ಗೊತ್ತಿಲ್ಲ ಅಂದ್ರೆ? ನಡಿ, ಇನ್ನೊಂದ್ ಗೇಮ್ ಆಡಾಣ. ಈ ಕಪ್ಪು ಹಿಂಗೆ ಮನೆಗೆ ಒಯ್ಯಾಕಿಲ್ಲ ನಾನು."

ಕುರ್ಚಿ ಎತ್ತಿಡುತ್ತಿದ್ದವರು ನಿಂತು ನೋಡಿದರು. ಈ ಸಲ ಲೋಕೇಶ ಜೀವ ಪಣಕ್ಕಿಟ್ಟು ಆಡಿದ. ಮೊಣಕಾಲು ತರಚಿತು, ಉಸಿರು ಸಿಕ್ಕಿಕೊಂಡಿತು, ಒಂದು ಶಟಲ್ಲನ್ನೂ ಸುಮ್ಮನೆ ಬಿಡಲಿಲ್ಲ. ಇಪ್ಪತ್ತೊಂದು-ಹನ್ನೆರಡಕ್ಕೆ ಸೋತ.

ಮೆಹಬೂಬನ ಮುಖ ಅರಳಿತು. "ಈಗ ಗೆದ್ದೆ ಕಣ್ಲಾ," ಎಂದು ಬಂದು ತಬ್ಬಿಕೊಂಡ.

"ಹೂಂ ಕಣ್ಲಾ, ನೀನೇ ಗೆದ್ದೆ," ಅಂದ ಲೋಕೇಶ. ಇಷ್ಟು ವರ್ಷ ಬಿಟ್ಟುಕೊಟ್ಟೆ ಎಂದುಕೊಂಡಿದ್ದ ಸಂಜೆಗಳಲ್ಲಿ ನಿಜಕ್ಕೂ ಸಾಹೇಬರೇ ಗೆದ್ದದ್ದು ಎಷ್ಟೋ ಎಂದು ಯೋಚಿಸುತ್ತಾ, ಗೆಳೆಯನ ಹೆಗಲ ಮೇಲೆ ಮುಖವಿಟ್ಟು ಅತ್ತುಬಿಟ್ಟ.