ಎರಡು ಗೇಟುಗಳ ನಡುವಿನ ಬಂಡಿ

ಆಗುವುದಿಲ್ಲ ಎಂದವರು ನನ್ನ ಸೋದರಮಾವ. ಸೋಲದೇವನಹಳ್ಳಿಯಿಂದ ಬಂದಾಗಲೆಲ್ಲ ನಮ್ಮ ಇಸ್ತ್ರಿ ಬಂಡಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ಅಪ್ಪನಿಗೆ ಹೇಳುತ್ತಿದ್ದರು: "ಭಾವ, ನಮ್ಮ ಕಡೆ ಹತ್ತನೇ ಕ್ಲಾಸ್ ದಾಟಿದೋರೇ ಇಲ್ಲ. ಇವ್ಳು ಎಂ.ಎ. ಮಾಡ್ತಾಳಾ? ಅದೂ ದೇಶದೇಶದ ರಾಜಕೀಯ! ಆಗಾಕಿಲ್ಲ, ಬರ್ಕೊಳಿ."

ಅಪ್ಪ ಅಂಗಿಗೆ ನೀರು ಚಿಮುಕಿಸುತ್ತಿದ್ದರು.

ಮಾವನ ಮಾತು ನಿಜವಾಗುವುದರಲ್ಲಿತ್ತು. ಕೊನೆಯ ಸೆಮಿಸ್ಟರಿನ ಪ್ರಬಂಧಕ್ಕೆ ನಾನು ನೇಪಾಳವನ್ನು ಆರಿಸಿಕೊಂಡಿದ್ದೆ. ಭಾರತ ಒಂದು ಕಡೆ, ಚೀನಾ ಇನ್ನೊಂದು ಕಡೆ, ನಡುವೆ ಸಣ್ಣ ದೇಶ ಹೇಗೆ ಬಾಳುತ್ತದೆ ಎಂಬುದು ವಿಷಯ. ಗೈಡ್ ಮೇಡಂ ಕರಡನ್ನು ವಾಪಸು ಕೊಟ್ಟರು.

"ಪುಟಪುಟಕ್ಕೂ ಅಸಹಾಯಕ, ಅಸಹಾಯಕ ಅಂತ ಬರ್ದಿದ್ದೀಯಲ್ಲಮ್ಮ. ಹಾಗಿದ್ರೆ ಇಷ್ಟು ದಿನ ಹೇಗೆ ಉಳೀತು? ಅದನ್ನ ಬರಿ. ಎರಡು ವಾರ ಟೈಮು. ಇಲ್ಲಾಂದ್ರೆ ಈ ವರ್ಷ ಡಿಗ್ರಿ ಇಲ್ಲ."

ಯಲಹಂಕದ ನಮ್ಮ ಬಂಡಿಗೆ ಬಂದು ಇದ್ದಿಲ ಚೀಲದ ಪಕ್ಕ ಮುಖ ಊದಿಸಿಕೊಂಡು ಕೂತೆ. ಯುಗಾದಿ ಹಿಂದಿನ ದಿನ ಅದು.

ನಮ್ಮ ಬಂಡಿ ನಿಲ್ಲುತ್ತಿದ್ದದ್ದು ಎರಡು ದೊಡ್ಡ ಮನೆಗಳ ಕಾಂಪೌಂಡ್ ಕೂಡುವಲ್ಲಿ, ಹೊಂಗೆ ಮರದ ಕೆಳಗೆ. ಮನೆಯವರು ದಾಯಾದಿಗಳು. ಹೊಲ ಹೋಗಿ ಅಪಾರ್ಟ್‌ಮೆಂಟ್ ಎದ್ದ ಮೇಲೆ, ಪಾಲಿನ ಜಗಳದಿಂದ ಅವರ ನಡುವೆ ಮಾತಿಲ್ಲ. ಬಂಡಿ ತಮ್ಮ ಗೇಟಿನ ಮುಂದೆಯೇ ಇರಬೇಕೆಂದು ಇಬ್ಬರೂ ಹೇಳುತ್ತಿದ್ದರು. ಅಪ್ಪ ಯಾರಿಗೂ ಇಲ್ಲ ಎನ್ನಲಿಲ್ಲ. "ನೆರಳು ಎಲ್ಲಿರುತ್ತೋ ಅಲ್ಲಿ, ಸ್ವಾಮಿ" ಎಂದರು. ಬೆಳಿಗ್ಗೆ ಎಡಗಡೆ ಮನೆ ಮುಂದೆ, ಮಧ್ಯಾಹ್ನ ಬಲಗಡೆ. ಸೂರ್ಯನ ಜತೆ ಯಾರು ಜಗಳ ಆಡುತ್ತಾರೆ?

ಅವತ್ತು ಎರಡೂ ಮನೆಯಿಂದ ರೇಷ್ಮೆ ಸೀರೆಗಳು ಬಂದಿದ್ದವು. ಎರಡೂ ಮನೆಯವರು, "ನಮ್ದು ಫಸ್ಟು ಬರ್ಬೇಕು" ಎಂದಿದ್ದರು. ಅಪ್ಪ ಅವರದೊಂದು, ಇವರದೊಂದು ಎಂದು ತೀಡಿ, ಎರಡು ಗಂಟು ಕಟ್ಟಿದರು.

"ನೀನು ಎಡಗಡೆ ಮನೆಗೆ, ನಾನು ಬಲಗಡೆಗೆ. ಒಂದೇ ಸಲ ಗೇಟ್ ತೆಗೀಬೇಕು."

"ಯಾಕಪ್ಪಾ? ಎರಡೂ ನಾನೇ ಕೊಟ್ಬರ್ತೀನಿ."

"ಆಗ ಒಬ್ರು ಎರಡನೇವ್ರು ಆಗ್ತಾರೆ ಕಣವ್ವ. ಸಂಕ್ರಾಂತಿಗೆ ಎಡಗಡೆ ಮನೆಗೆ ನಾನ್ ಹೋಗಿದ್ದೆ. ಈ ಸಲ ಬಲಗಡೆಯವ್ರದು. ಯಜಮಾನನೇ ಬಂದ ಅನ್ನೋದು ಅವ್ರಿಗೆ ಮರ್ಯಾದೆ."

"ಪಕ್ಕದ ಮನೇಲಿ ಯಾವ ಸೀರೆ ಅಂತ ಕೇಳಿದ್ರೆ?"

"ನೋಡಿಲ್ಲ ಅನ್ಬೇಡ, ಸುಳ್ಳಾಗತ್ತೆ. ಬಟ್ಟೆ ನೋಡ್ತೀವಿ, ಮನೆ ನೋಡಲ್ಲ ಅನ್ನು."

ಎಡಗಡೆ ಗೇಟಿನ ಚಿಲಕ ಹಿಡಿದು ನಿಂತೆ. ಆ ಕಡೆಯಿಂದ ಅಪ್ಪ ತಲೆ ಆಡಿಸಿದರು. ಎರಡು ಗೇಟೂ ಒಟ್ಟಿಗೆ ಕಿರ್ ಎಂದವು. ಸಣ್ಣ ದೇಶದ ಹೊಸ ಪ್ರಧಾನಿ ಮೊದಲ ಭೇಟಿಗೆ ಯಾವ ರಾಜಧಾನಿಗೆ ಹೋಗುತ್ತಾರೆ, ಇನ್ನೊಂದು ದೇಶದವರು ಅದನ್ನು ಹೇಗೆ ತೆಗೆದುಕೊಳ್ಳುತ್ತಾರೆ ಎಂದು ತಿಂಗಳುಗಟ್ಟಲೆ ಓದಿದ್ದೆ. ನನ್ನ ಅಧ್ಯಾಯ ಇಲ್ಲೇ ಗೇಟು ತೆಗೆಯುತ್ತ ನಿಂತಿತ್ತು.

ಅದನ್ನೆಲ್ಲ ಓದಿದ್ದು ಎಡಗಡೆ ಮನೆಯವರು ಕೊಟ್ಟ ಹಳೆಯ ಪೇಪರುಗಳಲ್ಲಿ, ಬಲಗಡೆ ಮನೆಯವರ ಕಾರ್ ಶೆಡ್ಡಿನಲ್ಲಿ ಕೂತು. ಯಾರ ಪೇಪರೆಂದು ಶೆಡ್ಡಿನವರು ಕೇಳಲಿಲ್ಲ. ಎಲ್ಲಿ ಓದುತ್ತೀಯೆಂದು ಪೇಪರು ಕೊಟ್ಟವರೂ ಕೇಳಲಿಲ್ಲ. ಇಬ್ಬರ ಋಣವೂ ನನ್ನ ಮೇಲಿದೆ.

ಅಸಹಾಯಕ ಎಂಬ ಮಾತನ್ನೆಲ್ಲ ಹೊಡೆದುಹಾಕಿ ಎರಡೇ ವಾರದಲ್ಲಿ ಮತ್ತೆ ಬರೆದೆ. ವೈವಾದಲ್ಲಿ ಹೊರಗಿನಿಂದ ಬಂದಿದ್ದ ಪರೀಕ್ಷಕರು ಕನ್ನಡಕ ತೆಗೆದು ಕೇಳಿದರು: "ಇಬ್ಬರ ಜೊತೆನೂ ಚೆನ್ನಾಗಿರ್ತೀನಿ ಅನ್ನೋದು ಮೋಸ ಅಲ್ವೇನಮ್ಮ?"

"ಇವ್ರ ಮಾತು ಅವ್ರಿಗೆ ಮುಟ್ಟಿಸಿದ್ರೆ ಮೋಸ ಸರ್. ಇಬ್ರಿಗೂ ಒಂದೇ ಮಾತು ಹೇಳಿದ್ರೆ ಅಲ್ಲ."

"ಯಾವ ಪುಸ್ತಕದಲ್ಲಿದೆ?"

"ನಮ್ಮಪ್ಪನಿಂದ ಕಲಿತಿದ್ದು ಸರ್. ಯಲಹಂಕದಲ್ಲಿ ಇಸ್ತ್ರಿ ಮಾಡ್ತಾರೆ." ದನಿ ತಗ್ಗಿಸದೆ ಹೇಳಿದೆ. ಮೇಡಂ ತಲೆ ಬಗ್ಗಿಸಿ ನಕ್ಕರು.

ಪ್ರಮಾಣಪತ್ರವನ್ನು ನೇರವಾಗಿ ಬಂಡಿಗೇ ತಂದೆ. ಮಾವ ಅಲ್ಲೇ ಇದ್ದರು. ನನ್ನ ಹೆಸರನ್ನು ಅಕ್ಷರ ಕೂಡಿಸಿ ಓದಿ, ನನ್ನ ತಲೆ ಮೇಲೆ ಕೈ ಇಟ್ಟರು. ಅಪ್ಪ ಇದ್ದಿಲ ಕೈಯನ್ನು ಎರಡು ಸಲ ತೊಳೆದು, ಒರೆಸಿಕೊಂಡು ಪ್ರಮಾಣಪತ್ರವನ್ನು ತೆಗೆದುಕೊಂಡರು.

ನಾನು ಎರಡು ಡಬ್ಬಿ ಮೈಸೂರು ಪಾಕ್ ತಂದಿದ್ದೆ. "ಈ ಸಲ ಎಡಗಡೆ ಮನೆಗೆ ನೀನು, ಬಲಗಡೆಗೆ ನಾನು ಅಲ್ವೇನಪ್ಪಾ?"

ಅಪ್ಪ ಎರಡು ಗೇಟುಗಳನ್ನೂ ನೋಡಿದರು. "ಇಬ್ರೂ ಒಟ್ಟಿಗೆ ಎರಡು ಮನೆಗೂ ಹೋಗಾಣ. ನೆರಳು ಇರೋ ಕಡೆಯಿಂದ ಶುರು. ಇಷ್ಟು ದಿನ ನಾನ್ ಹೋದ ಕಡೆ ಮರ್ಯಾದೆ. ಇನ್ಮೇಲೆ ನೀನ್ ಹೋದ ಕಡೆ ಕಣವ್ವ."