ಬೆನ್ನಿನ ಮಣ್ಣು ಒರೆಸುವ ನಿಯಮ

ಇವತ್ತು ಬೆಳಿಗ್ಗೆ ಮುಂಬೈನ ಅಂಧೇರಿಯ ನಮ್ಮ ಬಿಲ್ಡಿಂಗಿನ ಗಿಡಗಳಿಗೆ ಹೊಸ ಕೆಮ್ಮಣ್ಣು ಹಾಕಿ ನೀರು ಬಿಟ್ಟಿದ್ದರು. ಆ ವಾಸನೆಗೆ ನಾವು ಮೊದಲಿದ್ದ ವಠಾರ, ಆ ಚಾಳಿನ ಹಿಂದಿದ್ದ ತಾಲೀಮು, ಅಂದರೆ ಕುಸ್ತಿಯ ಗರಡಿ, ನೆನಪಾಯಿತು. ಆಗ ನಾವು ಹಳ್ಳಿಯಿಂದ ಬಂದ ಹೊಸತು. ಹಗಲು ಗೌಂಡಿ ಕೆಲಸ ಮಾಡುವ ಮಲ್ಲಪ್ಪಕಾಕಾ ಸಂಜೆ ಮಣ್ಣಿಗೆ ಎಣ್ಣೆ, ಮಜ್ಜಿಗೆ ಬೆರೆಸಿ ಹದ ಮಾಡಿ, ಚಾಳಿನ ಮಕ್ಕಳಿಗೆ ಕುಸ್ತಿ ಕಲಿಸುತ್ತಿದ್ದರು.

ಗೆದ್ದವನು ಸೋತವನ ಬೆನ್ನಿನ ಮಣ್ಣು ಒರೆಸಬೇಕು, ಒರೆಸುತ್ತಾ ಹೇಗೆ ಕೆಡವಿದೆ ಎಂದು ಹೇಳಬೇಕು. ಇಲ್ಲದಿದ್ದರೆ ಮತ್ತೆ ಒಳಗೆ ಕಾಲಿಡುವಂತಿಲ್ಲ. ಇದು ಕಾಕಾನ ನಿಯಮ.

ನನಗಿಂತ ಗೇಣುದ್ದ ಗಿಡ್ಡನಾದ ಬಸ್ಯಾ ನನ್ನನ್ನು ಕೆಡವಿದ ದಿನ ಅವಮಾನದಿಂದ ಮನೆಗೆ ಓಡಿದೆ. ಟವೆಲ್ ಹಿಡಿದು ಅವನೂ ಬೆನ್ನಟ್ಟಿ ಬಂದ. ನಾನು ಗೋಡೆಗೆ ಬೆನ್ನು ಒತ್ತಿ ಕೂತೆ.

"ತಿರಗೋ ಮಾರಾಯಾ, ನಾಳೆ ಕಾಕಾ ನನ್ನ ಒಳಗ ಬಿಡಂಗಿಲ್ಲ!"

"ಬಿಡದಿದ್ರ ಬ್ಯಾಡ, ಹೋಗು."

ಅಷ್ಟರಲ್ಲಿ ಅವ್ವ ಬಕೆಟ್ ತಂದಳು. "ಎಮ್ಮಿ ಹಂಗ ಹೊಳ್ಳಾಡಿ ಬಂದಿಯೇನಲೇ! ಏಳು, ತೊಳೀತೀನಿ."

"ಕಾಕೂ, ನೀರ ಹಾಕಬ್ಯಾಡ್ರೀ!" ಎಂದು ಬಸ್ಯಾ ಅತ್ತೇಬಿಟ್ಟ.

ಗೆದ್ದವನು ಅಳುವುದನ್ನು ನಾನು ಅದುವರೆಗೆ ನೋಡಿರಲಿಲ್ಲ. ತಿರುಗಿ ಕೂತೆ. ಅವನು ಮೂಗೆಳೆಯುತ್ತಾ ಒರೆಸಿದ. "ನಾ ಮೈಮ್ಯಾಲ ಬಂದಾಗ ನೀ ಕಣ್ಣು ಮುಚ್ಚತಿ. ಅದನ್ನ ನೋಡೇ ಕಾಲಿಗೆ ಕೈ ಹಾಕಿದೆ."

ಮರುದಿನ ಕಾಕಾ ನನ್ನನ್ನು ಕೇಳಿ ಖಾತ್ರಿ ಮಾಡಿಕೊಂಡೇ ಅವನನ್ನು ಒಳಗೆ ಬಿಟ್ಟರು.

ಕರಾಟೆ ಕ್ಲಾಸಿನಲ್ಲಿ ಗೆಳತಿಯನ್ನು ಸೋಲಿಸಿ ಬಂದ ಮಗಳಿಗೆ ಈಗಷ್ಟೇ ಈ ಕಥೆ ಹೇಳಿದೆ.

"ಕ್ಯಾ ಪಪ್ಪಾ! ಹೇಗೆ ಸೋಲಿಸಿದೆ ಅಂತ ಹೇಳಿಬಿಟ್ರೆ ನೆಕ್ಸ್ಟ್ ಟೈಮ್ ಅವಳೇ ಗೆಲ್ತಾಳೆ ನಾ?"

"ಬಸ್ಯಾನಿಗೂ ಅದು ಗೊತ್ತಿತ್ತು" ಎಂದೆ.