ಇಂದ್ರಾಬಾಯಿಯ ಕಿಸೆ, ಅದರೊಳಗಿನ ಚಾಕು

ಗುರಲಿಂಗಪ್ಪ ಬದುಕಿರುವ ತನಕ ಪ್ಯಾಂಟಿನ ಕಿಸೆಯಲ್ಲಿ ಮಡಚುವ ಚಾಕು ಇಟ್ಟುಕೊಂಡೇ ಮುಂಬಯಿ ತಿರುಗಿದ. ನಿನಗ್ಯಾಕಪ್ಪಾ ಚಾಕು ಎಂದು ಒಂದು ನರಪಿಳ್ಳೆಯೂ ಅವನನ್ನು ಕೇಳಲಿಲ್ಲ. ಅವನ ಹೆಂಡತಿ ಇಂದ್ರಾಬಾಯಿ ಅಂಥದೇ ಒಂದು ಚಾಕು ಕೊಂಡಳು ನೋಡಿ, ಕೇಳುವವರ ಸಾಲೇ ಹತ್ತಿತು. ಮಾರಿದ ಅಂಗಡಿಯವನೇ ಕೇಳಿದ, ಪಕ್ಕದ ಫ್ಲ್ಯಾಟಿನವಳು ಕೇಳಿದಳು, ಕೊನೆಗೆ ಹೆತ್ತ ಮಗನೂ ಕೇಳಿದ. ಇಂದ್ರಾಬಾಯಿಗೆ ಮೈ ಉರಿಯುವುದು ಅಲ್ಲಿಯೇ. ಯಾರಿಗಾದರೂ ಉರಿಯಬೇಕಾದ ಮಾತೇ ಅದು.

ಮದುವೆಯಾಗಿ ವಿಜಯಪುರದ ಕಡೆಯಿಂದ ಗ್ರಾಂಟ್ ರೋಡಿನ ಚಾಳಿಗೆ ಬಂದಾಗ ಅವಳಿಗೆ ಹಿಂದಿಯ ಗಂಧಗಾಳಿ ಇರಲಿಲ್ಲ. ನಲ್ಲಿಯ ಮುಂದಿನ ಜಗಳಗಳೇ ಅವಳಿಗೆ ಹಿಂದಿ ಕಲಿಸಿದವು, ಮರಾಠಿಯನ್ನೂ ಕಲಿಸಿದವು. ಹಾಗಾಗಿ ಇವತ್ತಿಗೂ ಆ ಎರಡು ಭಾಷೆಗಳಲ್ಲಿ ಮೆತ್ತಗೆ ಮಾತಾಡುವುದು ಅವಳಿಗೆ ಬಾರದು. ಗಂಡ ಬಟ್ಟೆಯ ಗೋದಾಮಿನಲ್ಲಿ ಗಂಟು ಬಿಚ್ಚಿ ಮಾಲು ಇಳಿಸುವ ಕೆಲಸದಲ್ಲಿದ್ದ. ಒಬ್ಬನೇ ಮಗ ಸಚಿನ ಓದಿ ಬಾಂದ್ರಾದ ಆಫೀಸೊಂದಕ್ಕೆ ಸೇರಿದ, ಬೊರಿವಲಿಯಲ್ಲಿ ಫ್ಲ್ಯಾಟ್ ಮಾಡಿದ, ಬಾಂದ್ರಾದಲ್ಲೇ ಕೆಲಸಕ್ಕಿದ್ದ ಬೆಳಗಾವಿಯ ರೂಪಾಲಿಯನ್ನು ಮದುವೆಯಾದ. ಗುರಲಿಂಗಪ್ಪ ತೀರಿಕೊಂಡ ಮೇಲೆ, "ಇನ್ನ ಆರಾಮ ಕುಂಡ್ರು ಅವ್ವಾ," ಎಂದ.

ಕುಳಿತಳು. ಕುಳಿತು ಕುಳಿತು ಮೊಣಕಾಲು ಹಿಡಿದುಕೊಂಡವು, ಸೀರಿಯಲ್ಲಿನ ಅತ್ತೆಯರ ಮೇಲೆ ಸಿಟ್ಟು ಬರತೊಡಗಿತು. ಒಂದು ದಿನ ಹೇಳದೆ ಕೇಳದೆ ಲೋಕಲ್ ಹತ್ತಿ ಗ್ರಾಂಟ್ ರೋಡಿಗೆ ಹೋದಳು. ಗಂಡನ ಪರಿಚಯದ ಸೀರೆ ಅಂಗಡಿಯಲ್ಲಿ ಕೆಲಸ ಹಿಡಿದೇ ಬಂದಳು. ಸೀರೆಗೆ ಫಾಲ್ ಹಚ್ಚುವುದು, ಬಂದ ಗಂಟು ಬಿಚ್ಚುವುದು, ಎಳೆ ಹೋದ ಸೀರೆ ಬೇರೆ ಇಡುವುದು ಅವಳ ಕೆಲಸ.

ಗಂಟು ಬಿಚ್ಚಲು ಚಾಕು ಬೇಕಲ್ಲ? ಗಂಡನ ಚಾಕು ಮನೆಯಲ್ಲೇ ಇತ್ತು. ಸಚಿನ ಅದನ್ನು ಶೋಕೇಸಿನಲ್ಲಿ, ಯಾರೂ ಚಹಾ ಕುಡಿಯದ ಕಪ್ಪುಬಸಿಗಳ ನಡುವೆ, ಅಪ್ಪನ ನೆನಪೆಂದು ಇಟ್ಟಿದ್ದ. ಕೊಡು ಎಂದು ಕೇಳಿದರೆ, "ಅದು ಗಂಡಸರ ಹತ್ಯಾರ ಅವ್ವಾ, ನಿನಗ್ಯಾಕ?" ಎಂದು ನಕ್ಕುಬಿಟ್ಟ. ಇಂದ್ರಾಬಾಯಿ ಗಂಟಿಗೆ ಬಿಗಿದ ಸುತಳಿಯನ್ನು ಹಲ್ಲಿನಿಂದ ಕಚ್ಚಿ ಹರಿಯತೊಡಗಿದಳು. ಒಂದು ದಿನ ಸುತಳಿಯ ಜೊತೆ ಹಲ್ಲೂ ಬಂತು. ಅವತ್ತೇ ನಿರ್ಧಾರವಾಯಿತು.

ಸ್ಟೇಶನ್ನಿನ ಹತ್ತಿರದ ಹಾರ್ಡ್‌ವೇರ್ ಅಂಗಡಿಯಲ್ಲಿ ಚಾಕು ತೋರಿಸು ಎಂದಾಗ ಅಂಗಡಿಯವ ಗುಲಾಬಿ ಹಿಡಿಕೆಯ ಅಡಿಗೆ ಚಾಕು ಮುಂದಿಟ್ಟ. ಇದಲ್ಲ, ಮಡಚುವಂಥದು ಎಂದಳು.

"ವೋ ತೋ ಜೆಂಟ್ಸ್ ಕಾ ಹೈ, ಮೌಸಿ."

"ಲೋಹೇ ಮೇ ಭೀ ಜೆಂಟ್ಸ್-ಲೇಡೀಸ್ ಹೋತಾ ಹೈ ಕ್ಯಾ?"

ಕಬ್ಬಿಣದಲ್ಲೂ ಗಂಡು ಹೆಣ್ಣು ಇರುತ್ತದೆಯೇ ಎಂದು ಯಾರಾದರೂ ಕೇಳಿಯಾರೆಂದು ಅವನು ಎಣಿಸಿರಲಿಲ್ಲ. ತೆಪ್ಪಗೆ ಗಾಜಿನ ಪೆಟ್ಟಿಗೆ ತೆರೆದ.

ಮೊದಲನೆಯದು ಗುಂಡಿ ಒತ್ತಿದರೆ ಟಪ್ಪೆಂದು ಹಾರಿ ನಿಲ್ಲುವಂಥದು. ಪುಂಡರ ಚಾಕು ಎಂದು ಆಚೆ ಸರಿಸಿದಳು. ಇನ್ನೊಂದರಲ್ಲಿ ಕತ್ತರಿ, ಸ್ಕ್ರೂಡ್ರೈವರ್, ಬಾಟಲಿ ತೆಗೆಯುವ ಕೊಕ್ಕೆ ಎಲ್ಲ ಇದ್ದವು, ಇಷ್ಟೆಲ್ಲ ಹೊತ್ತು ತಿರುಗಲು ನಾನೇನು ಕತ್ತೆಯೇ ಎಂದಳು. ಮುಂದಿನದು ನೋಡಲು ಚೆಂದ, ಆದರೆ ತೆರೆದು ಅಲುಗಿಸಿದರೆ ಅಲಗು ಬುಡದಲ್ಲಿ ಅಲ್ಲಾಡುತ್ತಿತ್ತು. ಕಡೆಗೆ ಒಂದು ಸಿಕ್ಕಿತು. ಅಲಗು ಅವಳ ತೋರುಬೆರಳಿನಷ್ಟು ಉದ್ದ, ಹಿಡಿಕೆ ಕಟ್ಟಿಗೆಯದು, ಅಂಗೈಯಲ್ಲಿ ಸರಿಯಾಗಿ ಕೂತಿತು. ಪೂರ್ತಿ ತೆರೆದರೆ ಟಕ್ಕೆಂದು ಗಟ್ಟಿಯಾಗಿ ನಿಲ್ಲುತ್ತದೆ. ಹಿಡಿಕೆಯ ಕೀಲು ಒತ್ತುವ ತನಕ ಮಡಚುವುದಿಲ್ಲ. ಅಲಗಿನ ಬೆನ್ನನ್ನು ಮೇಜಿನ ಅಂಚಿಗೆ ಒತ್ತಿ ಅದನ್ನೂ ಖಾತ್ರಿ ಮಾಡಿಕೊಂಡಳು. ಬಲಗೈ ಲೋಕಲ್ಲಿನಲ್ಲಿ ಹಿಡಿಕೆಗೆ ಜೋತುಬಿದ್ದಿರುತ್ತದಲ್ಲ, ಅದಕ್ಕೆ ಎಡಗೈ ಹೆಬ್ಬೆರಳಿನಿಂದಲೂ ತೆರೆದು ನೋಡಿದಳು. ಚೀಲದಿಂದ ಸುತಳಿ ತೆಗೆದು ಅಲಗಿಗೆ ಸಿಕ್ಕಿಸಿ ಎಳೆದಳು. ಒಂದೇ ಎಳೆತಕ್ಕೆ ಹರಿಯಿತು.

ಅಂಗಡಿಯವ ಅದನ್ನು ಮಡಚಿ ಕೈಗೆ ಕೊಡಲು ಬಂದ. ಇಂದ್ರಾಬಾಯಿ ಕೈ ಹಿಂದಕ್ಕೆ ತೆಗೆದುಕೊಂಡು, ಕೆಳಗಿಡು ಎಂದಳು. ಚಾಕುವನ್ನು ಕೈಯಿಂದ ಕೈಗೆ ಕೊಡಬಾರದು, ಜಗಳವಾಗುತ್ತದೆ ಎಂಬುದು ಅವಳ ಊರ ಕಡೆಯ ನಂಬಿಕೆ. ಜಗಳಕ್ಕೆ ಅವಳಿಗೆ ಚಾಕುವಿನ ನೆಪ ಬೇಕಿರಲಿಲ್ಲ, ಅದು ಬೇರೆ ಮಾತು. ಅವನು ಮೇಜಿನ ಮೇಲಿಟ್ಟ, ಅವಳು ಎತ್ತಿಕೊಂಡಳು.

"ಲೇಕಿನ್ ಮೌಸಿ, ಪಾಕೆಟ್ ಕಹಾಂ ಹೈ?" ಎಂದು ಅವನು ಹಲ್ಲು ಬಿಟ್ಟ. ಅದು ಮಾತ್ರ ನಿಜ. ಸೀರೆಗೆ ಕಿಸೆ ಎಲ್ಲಿಯದು? ಮನೆಗೆ ಹೋದವಳೇ ಇಂದ್ರಾಬಾಯಿ ಸೀರೆಯೊಳಗೆ ಉಡುವ ತನ್ನ ಪರಕರಗಳಿಗೆಲ್ಲ ಸೊಂಟದ ಹತ್ತಿರ ದಪ್ಪ ಬಟ್ಟೆಯ ಒಂದೊಂದು ಕಿಸೆ ಹೊಲಿದಳು.

ಆಮೇಲಿನ ದಿನಗಳಲ್ಲಿ ಅವಳ ನಡಿಗೆಯೇ ಬದಲಾಯಿತು. ಅಂಗಡಿಯಲ್ಲಿ ಕತ್ತರಿ ಕೊಡ್ರೀ ಎಂದು ಯಾರ ಮುಂದೂ ನಿಲ್ಲಬೇಕಿರಲಿಲ್ಲ. ಸಂಜೆ ಲೋಕಲ್ಲಿನ ಲೇಡೀಸ್ ಡಬ್ಬಿಯಲ್ಲಂತೂ ಅವಳದೇ ದರಬಾರು. ಅಲ್ಲಿ ಮೆಂತ್ಯ ಸೋಸುವವರು, ಬಟಾಣಿ ಬಿಡಿಸುವವರು, ಬೀನ್ಸ್ ಹೆಚ್ಚುವವರು. ಮನೆ ಮುಟ್ಟಿದ ಕೂಡಲೇ ಒಗ್ಗರಣೆ ಹಾಕಬೇಕಾದ ಹೆಂಗಸರು. ಇಂದ್ರಾಬಾಯಿಯ ಚಾಕು ಒಬ್ಬರ ಮಡಿಲಿನಿಂದ ಇನ್ನೊಬ್ಬರ ಮಡಿಲಿಗೆ ಹೋಗಿ ಬರುತ್ತಿತ್ತು. ಕೈಗೆ ಮಾತ್ರ ಕೊಡುತ್ತಿರಲಿಲ್ಲ, ಮಡಿಲಲ್ಲಿ ಇಡುತ್ತಿದ್ದಳು.

ಅಂಥದೇ ಒಂದು ಸಂಜೆ ಸೌತೆಕಾಯಿ ಹೆರೆಯುತ್ತಿದ್ದಾಗ ಮೂವರ ಬೆಂಚಿನ ತುದಿಯಲ್ಲಿ ನಾಲ್ಕನೆಯವರು ಒತ್ತರಿಸಿ ಕೂರುವ ಫೋರ್ತ್ ಸೀಟಿಗಾಗಿ ಒಬ್ಬ ಹುಡುಗಿಯ ಜೊತೆ ಜಗಳ ಹತ್ತಿತು. ಇಂದ್ರಾಬಾಯಿ ಕೈ ಬೀಸದೆ ಮಾತಾಡಿದವಳಲ್ಲ. ಕೈಯಲ್ಲಿ ತೆರೆದ ಚಾಕು ಇದೆ ಎಂಬುದು ಅವಳಿಗೆ ಮರೆತೇ ಹೋಗಿತ್ತು. ಹುಡುಗಿ ಮುಖ ಬಿಳುಚಿಕೊಂಡು ಹಿಂದೆ ಸರಿದಾಗ ನೆನಪಾಯಿತು, ಕೈ ಇಳಿಸಿದಳು. ಅಷ್ಟರಲ್ಲಿ ಇನ್ನಾರೋ ಫೋನಿನಲ್ಲಿ ಹಿಡಿದಾಗಿತ್ತು. ಮರುದಿನ 'ಚಾಕೂವಾಲಿ ಆಂಟಿ' ಎಂಬ ವಿಡಿಯೋ ಬಾಂದ್ರಾದ ಸಚಿನನ ಆಫೀಸಿಗೂ ಬಂತು, ವಿಜಯಪುರದ ಬಂಧುಗಳ ಗ್ರೂಪಿಗೂ ಹೋಯಿತು.

"ಇದು ನೀನ ಏನವ್ವಾ?" ಸಚಿನ ಫೋನು ಮುಂದೆ ಹಿಡಿದ.

"ನಾನ. ಸೌತೀಕಾಯಿನ ತೋರಿಸಿಲ್ಲ ನೋಡು ಕಳ್ಳರು."

"ಆಫೀಸಿನ್ಯಾಗ ಎಲ್ಲಾರೂ ನಗಾಕತ್ತಾರ. ಒಂದರ ಚಾಕು ಬಿಡು, ಇಲ್ಲಂದ್ರ ಕೆಲಸ ಬಿಡು."

"ಎರಡೂ ಬಿಡಂಗಿಲ್ಲ. ನಿಮ್ಮಪ್ಪಗ ಯಾರರ ಹಿಂಗ ಹೇಳಿದ್ರೇನು?"

"ಅಪ್ಪನ ಮಾತ ಬ್ಯಾರೆ."

"ಏನ ಬ್ಯಾರೆ? ಹೇಳು."

ಸಚಿನ ಫೋನು ಕಿಸೆಗೆ ಹಾಕಿಕೊಂಡು ಒಳಗೆ ಹೋದ. ಅವನೇನು ಕೆಟ್ಟವನಲ್ಲ, ನಾಲ್ಕು ಜನರ ನಗುವಿಗೆ ಅಂಜಿದವ. ಇಂದ್ರಾಬಾಯಿಗೂ ಆ ಹುಡುಗಿಯ ಮುಖ ಕಣ್ಣ ಮುಂದಿನಿಂದ ಹೋಗಿರಲಿಲ್ಲ. ತಪ್ಪಾಯಿತು ಎಂದು ಒಳಗೊಳಗೇ ಒಪ್ಪಿಕೊಂಡಿದ್ದಳು. ಆದರೆ ಕೈ ಬೀಸಿದ್ದು ತಪ್ಪು, ಚಾಕು ಇಟ್ಟುಕೊಂಡದ್ದಲ್ಲ. ಅಷ್ಟನ್ನು ಬಿಡಿಸಿ ಹೇಳಲು ಹೋದರೆ ಮಗ ಮೊದಲರ್ಧ ಮಾತ್ರ ಕೇಳಿಸಿಕೊಳ್ಳುತ್ತಾನೆಂದು ಸುಮ್ಮನಾದಳು.

ಖಂಡೇನವಮಿಯ ಆಯುಧಪೂಜೆ ಬಂತು. ಅವರ ಮನೆಯ ಪದ್ಧತಿಯಲ್ಲಿ ಅಂದು ದುಡಿಯುವ ಹತ್ಯಾರಗಳೆಲ್ಲ ದೇವರ ಜಗಲಿಯ ಮುಂದೆ ಕೂಡುತ್ತವೆ. ಪೂಜೆಯಾದ ಮೇಲೆ ಮರುದಿನದ ತನಕ ಯಾರೂ ಮುಟ್ಟುವಂತಿಲ್ಲ. ಮರುದಿನ ಅವರವರದನ್ನು ಅವರವರೇ ಎತ್ತಿ, ಅಲ್ಲಿಯೇ ಅದರಿಂದ ಮೊದಲ ಕೆಲಸ ಮಾಡಬೇಕು. ಸಚಿನ ಲ್ಯಾಪ್‌ಟಾಪ್ ಇಟ್ಟ, ಬೈಕಿನ ಕೀಲಿ ಇಟ್ಟ, ಪ್ರತಿವರ್ಷದಂತೆ ಅಪ್ಪನ ಚಾಕು ಇಟ್ಟ. ಆಮೇಲೆ ಮೆತ್ತಗೆ ಹೇಳಿದ: "ಅವ್ವಾ, ನಿನ್ನ ಚಾಕೂ ಇಡು. ಅಪ್ಪಂದರ ಜೋಡಿ."

ಇಂದ್ರಾಬಾಯಿಯ ಕಣ್ಣು ತುಂಬಿತು. ಮಗ ಸೋತನಲ್ಲಾ ಎಂದಲ್ಲ, ಮಗನಿಗೆ ತಿಳಿಯಿತಲ್ಲಾ ಎಂದು. ಕಿಸೆಯಿಂದ ಚಾಕು ತೆಗೆದು ಗಂಡನ ಚಾಕುವಿನ ಮಗ್ಗುಲಿಗಿಟ್ಟು ಕುಂಕುಮ ಹಚ್ಚಿದಳು. ಆರತಿ ಆಯಿತು. ಅಡಿಗೆಮನೆಯಲ್ಲಿ ರೂಪಾಲಿ ಹತ್ತಿರ ಬಂದು ದನಿ ಇಳಿಸಿ ಹೇಳಿದಳು: "ಅತ್ತಿ, ಅವರು ಶೋಕೇಸಿಗೆ ಕೀಲಿ ಹಾಕಿಸ್ಯಾರ. ನಾಳೆ ಎರಡೂ ಚಾಕು ಅದರಾಗ ಇಡೋರದಾರ."

ಪೂಜೆಯಾದದ್ದನ್ನು ಈಗ ಮುಟ್ಟುವಂತಿಲ್ಲ. ತನ್ನ ಕೈಯಾರೆ ಇಟ್ಟು ಕೈ ಕಟ್ಟಿಸಿಕೊಂಡಿದ್ದಳು ಇಂದ್ರಾಬಾಯಿ. ಅವಳಿಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಬೈಯುವುದಾದರೆ ಎದುರಿಗೆ ಬೈಯಲಿ, ದೇವರ ಮುಂದೆ ಸಿಹಿ ಮಾತಾಡಿ ಮೋಸ ಮಾಡುವುದೇ? ಆದರೂ ಜಗಳಾಡಲಿಲ್ಲ. ಹೋಳಿಗೆ ತಟ್ಟಿದಳು, ಮಗನ ಎಲೆಗೆ ಎರಡು ಹೆಚ್ಚೇ ಬಡಿಸಿದಳು. ಅವನಿಗೆ ಅದನ್ನು ನೋಡಿಯೇ ಅನುಮಾನ ಬರಬೇಕಾಗಿತ್ತು.

ಮರುದಿನ ಸಚಿನ ಸ್ನಾನ ಮುಗಿಸಿ ಬರುವಷ್ಟರಲ್ಲಿ ಅವ್ವ ಜಗಲಿಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಿದ್ದಳು. ಮುಂದೆ ಬಾಗಿಲಿಗೆ ಕಟ್ಟುವ ಚೆಂಡುಹೂವಿನ ಕಟ್ಟು, ಅದಕ್ಕೆ ಸುತಳಿಯ ಬಿಗಿ ಸುತ್ತು.

"ಮೊದಲ ನಿಮ್ಮಪ್ಪಂದ ಎತ್ತು. ಎತ್ತಿ ಸುತಳಿ ಕೊಯ್ಯಿ. ಪದ್ಧತಿ ಅದ ಅಲ್ಲ?"

ಸಚಿನ ಎತ್ತಿದ. ಉಗುರು ಸಿಕ್ಕಿಸಿ ಎಳೆದ, ಹಲ್ಲು ಕಚ್ಚಿ ಎಳೆದ. ಶೋಕೇಸಿನಲ್ಲಿ ಕೂತು ಕೂತು ಕೀಲು ತುಕ್ಕು ಹಿಡಿದು ಬಿಗಿದುಕೊಂಡಿತ್ತು. ಉಗುರು ಮುರಿಯಿತು, ಚಾಕು ಬಾಯಿ ಬಿಡಲಿಲ್ಲ.

"ನಿಮ್ಮಪ್ಪ ಇದನ್ನ ಒಂದ ದಿನ ಖಾಲಿ ಕುಂಡ್ರಿಸಿರಲಿಲ್ಲ," ಎಂದಳು ಇಂದ್ರಾಬಾಯಿ. "ನೀ ಇದನ್ನ ಗಾಜಿನ್ಯಾಗ ಇಟ್ಟು ಕೊಂದಿ. ಈಗ ನನ್ನನ್ನೂ ಅದರಾಗ ಇಡಾಂವ ಏನು?"

ತನ್ನದನ್ನು ತಾನೇ ಎತ್ತಿದಳು. ಹೆಬ್ಬೆರಳು ತಾಗಿಸಿದಳು, ಟಕ್ಕೆಂದು ತೆರೆಯಿತು. ಸುತಳಿ ಹರಿದು ಹೂವು ನೆಲದ ತುಂಬ ಹರಡಿತು. ಸಚಿನನ ಮುಖ ಕೆಂಪಾಯಿತು. ಆದರೂ ಕೈ ಚಾಚಿದ.

"ಕೊಡು ಅವ್ವಾ."

"ಚಾಕು ಕೈಯಾಗ ಕೊಡಬಾರದು."

"ಹಂಗಾರ ಕೆಳಗ ಇಡು."

"ಇಡಂಗಿಲ್ಲ."

ಮಡಚಿದಳು, ಎಲ್ಲರೆದುರೇ ಸೆರಗು ಸರಿಸಿ ಕಿಸೆಗೆ ಹಾಕಿದಳು, ಕೈಗೆ ಸಿಕ್ಕಷ್ಟು ಹೂವು ಎತ್ತಿಕೊಂಡು ಬಾಗಿಲಿಗೆ ಕಟ್ಟಲು ಹೋದಳು. ಸಚಿನನ ಕೈ ಸ್ವಲ್ಪ ಹೊತ್ತು ಹಾಗೆಯೇ ಇತ್ತು. ಆಮೇಲೆ ಅವನೂ ಕೂತು ಹೂವು ಆರಿಸತೊಡಗಿದ. ಬಾಯಿಬಿಟ್ಟು ಅವನು ಏನೂ ಒಪ್ಪಿಕೊಳ್ಳಲಿಲ್ಲ. ಒಪ್ಪಿಕೊಳ್ಳಲೆಂದು ಅವಳೂ ಕಾಯಲಿಲ್ಲ.

ಬಾಗಿಲ ಬಳಿ ರೂಪಾಲಿ ಕೇಳಿದಳು: "ಅತ್ತಿ, ನನ್ನ ಕುರ್ತಾಕ್ಕೂ ಒಂದು ಕಿಸೆ ಹೊಲೀತೀರೇನು?"

ಗುರಲಿಂಗಪ್ಪನ ಚಾಕು ಮತ್ತೆ ಶೋಕೇಸಿಗೆ ಹೋಗಲಿಲ್ಲ. ಇಂದ್ರಾಬಾಯಿ ಆ ಚಾಕುವಿನ ತುಕ್ಕು ಹಿಡಿದ ಕೀಲಿಗೆ ಸೀಮೆಎಣ್ಣೆ ಬಿಟ್ಟು, ತಿಕ್ಕಿ, ಕಲ್ಲಿಗೆ ಮಸೆದು, ಸೊಸೆಯ ಮುಂದೆ ಟೇಬಲ್ಲಿನ ಮೇಲೆ ಇಟ್ಟಳು. ಗಂಡಸರ ಹತ್ಯಾರ ಈಗ ರೂಪಾಲಿಯ ಕುರ್ತಾದ ಕಿಸೆಯಲ್ಲಿ ದಿನಾ ಬಾಂದ್ರಾಕ್ಕೆ ಹೋಗಿಬರುತ್ತದೆ.

ಸಂಜೆಯ ಲೋಕಲ್ಲಿನಲ್ಲಿ ಫೋರ್ತ್ ಸೀಟಿನ ತಕರಾರು ಇನ್ನೂ ನಡೆದೇ ಇದೆ. ಯಾರಾದರೂ ಏರುದನಿ ತೆಗೆದರೆ ಇಂದ್ರಾಬಾಯಿ ಅರ್ಧ ಹೆರೆದ ಸೌತೆಕಾಯಿ ಪಕ್ಕಕ್ಕಿಡುತ್ತಾಳೆ, ಚಾಕು ಮಡಚುತ್ತಾಳೆ, ಕಿಸೆಗೆ ಹಾಕುತ್ತಾಳೆ. ಆಮೇಲೆ ಎರಡೂ ಕೈ ಬೀಸಿ ಜಗಳ ಶುರು ಮಾಡುತ್ತಾಳೆ.